ಬಾಗಿಲ ಮೇಲಿನ ಬಾರು

ನಾರಮ್ಮ ಕೈ ಇಟ್ಟಳೆಂದರೆ ಟೈರು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹಿಂದೂಪುರ, ಪರಿಗಿ, ಲೇಪಾಕ್ಷಿ ಮೂರು ಕಡೆ ಸವೆದ ಟೈರುಗಳೆಲ್ಲ ಸಾಯುವ ಮುಂಚೆ ಒಮ್ಮೆ ಅವಳ ಕೈಗೆ ಬೀಳಬೇಕೆಂದು ಹರಕೆ ಹೊರುತ್ತಿದ್ದವು. ಒಂದು ಸ್ಕೂಟರ್ ಟೈರು ಕೊಟ್ಟರೆ ಲೇಪಾಕ್ಷಿಯ ಬಸವಣ್ಣನ ಕೊರಳಿಗೆ ಎರಡು ಸುತ್ತು ಬರುವಷ್ಟು ಬಾರು ತೆಗೆಯುವಳು. ಲಾರಿ ಟೈರು ಕೊಟ್ಟರೆ, ಆ ಬಾರಿನ ತುದಿ ಹಿಡಿದು ನಡೆದವನು ಕಲ್ಯಾಣದುರ್ಗ ಮುಟ್ಟಿ, ಅಲ್ಲಿ ಟೀ ಕುಡಿದು, ಬಾರು ಇನ್ನೂ ಉಳಿಯಿತಲ್ಲ ಎಂದು ಬೆಳುಗುಪ್ಪದ ಕಡೆ ಹೊರಡುವನು. ನಂಬದವರು ಹಿಂದೂಪುರದ ಪಂಚರ್ ಅಂಗಡಿಯವರನ್ನು ಕೇಳಿ. ಅವರು ಇದಕ್ಕಿಂತ ಹೆಚ್ಚು ಹೇಳುತ್ತಾರೆ.

ಕೆಲಸ ಮಾತ್ರ ಹೇಳಿದಷ್ಟು ಹಗುರವಲ್ಲ. ಮೊದಲು ಟೈರಿನ ಎರಡು ಪಕ್ಕೆ ಕೊಯ್ದು ಬಿಸಾಡಬೇಕು. ರಸ್ತೆ ಮುಟ್ಟುವ ದಪ್ಪ ಬಳೆ ಉಳಿಯುತ್ತದೆ. ಅದನ್ನು ಪಾದದಲ್ಲಿ ಒತ್ತಿ ಹಿಡಿದು, ತೊಗಲು ಕೊಯ್ಯುವ ಅಗಲ ಬಾಯಿಯ ರಂಪಿಯನ್ನು ಅಂಚಿಗೆ ಇಳಿಸಿ, ಮೂರು ಬೆರಳಗಲ ಬಿಟ್ಟು ಎಳೆಯಬೇಕು. ಒಂದು ಸುತ್ತು ಬಂದಮೇಲೆ ನಿಲ್ಲಿಸಬಾರದು. ಪಕ್ಕಕ್ಕೆ ಸರಿದು ಇನ್ನೊಂದು ಸುತ್ತು. ಮತ್ತೊಂದು. ಹಾಗೆ ಕೊನೆಯ ತನಕ ಹೋದರೆ ಒಂದೇ ಬಾರು, ನಡುವೆ ಗಂಟಿಲ್ಲ. ಒಣ ರಬ್ಬರು ಕತ್ತಿಯನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೇ ನೀರು ಬಿಡುತ್ತಿರಬೇಕು. ನೀರು ಬಿಡುವುದು ಅವಳಕ್ಕ ಮಾರೆಕ್ಕನ ಕೆಲಸ. ಮಾರೆಕ್ಕನಿಗೆ ಒಂದೇ ಕಾಲು. ಇನ್ನೊಂದು ಹೋದದ್ದು ಹೇಗೆಂದು ಆಮೇಲೆ ಹೇಳಬೇಕು. ಸಂಜೆಯ ಹೊತ್ತಿಗೆ ನಾರಮ್ಮನ ಬೆರಳು ಮಡಚುತ್ತಿರಲಿಲ್ಲ. ಮುದ್ದೆ ಮುರಿಯಲಾಗದೆ ನಾಲ್ಕು ವರ್ಷದ ಮೊಮ್ಮಗಳು ಶ್ರೀಲತಾಳ ಕೈಯಲ್ಲಿ ತುತ್ತು ಹಾಕಿಸಿಕೊಳ್ಳುವಳು.

ಈ ಕೊಯ್ತ ಅವಳಿಗೆ ಬಂದದ್ದು ಮಾವ ಪೆದ್ದಪ್ಪನಿಂದ. ಹಿಂದೂಪುರದ ಅಂಚಿನಲ್ಲಿ, ಪರಿಗಿ ರಸ್ತೆಗೆ ಹೊಂದಿಕೊಂಡ ಮಾದಿಗರ ಕಾಲೋನಿಯಲ್ಲಿ, ಪೆದ್ದಪ್ಪನಷ್ಟು ಉದ್ದದ ತೊಗಲ ಹಗ್ಗ, ಮಿಣಿ, ತೆಗೆದವರಿಲ್ಲ. ಒಂದು ಎಮ್ಮೆಯ ತೊಗಲಿನಲ್ಲಿ ತೆಗೆದ ಹಗ್ಗದಲ್ಲಿ ಊರಿನ ಎಮ್ಮೆಗಳನ್ನೆಲ್ಲ ಕಟ್ಟಿ, ಉಳಿದದ್ದರಲ್ಲಿ ಊರನ್ನೇ ಕಟ್ಟಿದ್ದನಂತೆ. ತೊಗಲನ್ನು ಉದ್ದುದ್ದ ಕೊಯ್ದರೆ ತುಂಡು ಸಿಗುತ್ತದೆ, ಸುತ್ತಿ ಕೊಯ್ದರೆ ಮಿಣಿ ಸಿಗುತ್ತದೆ ಎನ್ನುವನು. ತೊಗಲು ಹೋಯಿತು, ಟೈರು ಬಂತು. ಕೈ ಅದೇ.

ಆ ಕೈಯನ್ನು ಹುಡುಕಿಕೊಂಡು ಬಂದವಳು ಸ್ಪಂದನ ಎಂಬ ಇಂಜಿನಿಯರಮ್ಮ. ಒಂದು ಸಂಸ್ಥೆಯವಳು. ಮಣ್ಣಿನ ಗೋಡೆಗೆ ಒಳಗೂ ಹೊರಗೂ ಹಳೆ ಟೈರಿನ ಬಾರು ಬಿಗಿದು, ಗೋಡೆಯ ತೂತಿನಿಂದ ತಂತಿ ಹಾಯಿಸಿ ಎರಡನ್ನೂ ಹೆಣೆದರೆ, ಭೂಮಿ ನಡುಗಿದಾಗ ಗೋಡೆ ಬಿರುಕು ಬಿಟ್ಟೀತೇ ಹೊರತು ತಲೆ ಮೇಲೆ ಬೀಳುವುದಿಲ್ಲ. ಸಿಮೆಂಟು ಬೇಡ, ಕಬ್ಬಿಣ ಬೇಡ, ಕಸಕ್ಕೆ ಬಿದ್ದದ್ದು ಸಾಕು. ಬಡವರ ಮನೆಗೆ ಹೇಳಿ ಮಾಡಿಸಿದ ಉಪಾಯ. ಆದರೆ ಸಂಸ್ಥೆಯವರು ಮಿಷನ್ನಿನಲ್ಲಿ ಟೈರನ್ನು ತುಂಡು ತುಂಡು ಕೊಯ್ದು ಬೋಲ್ಟ್ ಹಾಕಿ ಜೋಡಿಸಿದ್ದರು. ಎಳೆದರೆ ಜೋಡಣೆಯಲ್ಲೇ ಕಿತ್ತು ಬರುತ್ತಿತ್ತು. ಪೆದ್ದಪ್ಪ ನೋಡಿ ನಕ್ಕ. ನಾರಮ್ಮ ಕೂತು ಕೊಯ್ದು ತೋರಿಸಿದಳು. ಸಂಸ್ಥೆಯವರು ಫೋಟೋ ತೆಗೆದು ತಮ್ಮ ಪುಸ್ತಕದಲ್ಲಿ ಹಾಕಿಕೊಂಡರು. ಫೋಟೋದಲ್ಲಿ ಕೈ ಇದೆ. ಮುಖವಿಲ್ಲ.

ಮೊದಲ ಕೆಲಸ ಕಲ್ಯಾಣದುರ್ಗದಲ್ಲಿ. ಹೋದ ವರ್ಷ. ನಾರಮ್ಮನ ತವರೂರು ಅದು. ಬಡವರ ಮನೆಗೆಂದು ಬಂದದ್ದು ಊರಿನ ದೊಡ್ಡವರ ಮನೆಯಿಂದ ಶುರುವಾಗುವುದು ನಮ್ಮ ಕಡೆಯ ಪದ್ಧತಿ. ದೊಡ್ಡವರು ಕಟ್ಟಿಸಿಕೊಂಡರೆ ಚಿಕ್ಕವರು ಒಪ್ಪುತ್ತಾರಂತೆ. ಚಿಕ್ಕವರು ಒಲ್ಲೆ ಅಂದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಹೀಗೆ ಶಿವಯೋಗಪ್ಪ ಎಂಬ ಕಡಲೆಕಾಯಿ ವ್ಯಾಪಾರಿಯ ಹಳೆ ಮಣ್ಣಿನ ಮನೆ ಮಾದರಿಯಾಯಿತು. ಮೂರು ಗೋಡೆಗೆ ಬಾರು ಬಂತು. ಬಾಗಿಲಿರುವ ಮುಂದಿನ ಗೋಡೆಗೆ ತಿರುಗುವಾಗ ಶಿವಯೋಗಪ್ಪ ಕೈ ಅಡ್ಡ ಹಿಡಿದ. ಬಾಗಿಲ ಮೇಲೆ ವಿಭೂತಿ ಪಟ್ಟೆ ಇದೆ, ತೋರಣ ಇದೆ. ಟೈರು ಎಂದರೆ ಮೆಟ್ಟಿನ ಜಾತಿ. ಅದರ ಕೆಳಗೆ ಹಾದು ಮನೆಯೊಳಗೆ ಹೋಗುವುದು ಹೇಗೆ? ಎರಡು ಮೂಲೆಗೆ ನಿಲ್ಲಿಸಿಬಿಡು ಎಂದ. ಜಗಳವಿಲ್ಲ, ಕೂಗಾಟವಿಲ್ಲ. ಮೆತ್ತಗೆ ಹೇಳಿದ. ಪೇಪರ್ ಲೋಟದಲ್ಲಿ ಕಾಫಿಯನ್ನೂ ಕೊಟ್ಟ.

ನಾರಮ್ಮ ಒಂದು ಮಾತು ಅಂದಳು. ಮನೆಗೆ ಬಾರು ಮಗುವಿನ ಸೊಂಟಕ್ಕೆ ಉಡಿದಾರ ಇದ್ದ ಹಾಗೆ, ಮುಂದುಗಡೆ ಬಿಟ್ಟು ಉಡಿದಾರ ಕಟ್ಟುತ್ತಾರಾ ಎಂದು. ಕಾಫಿ ಲೋಟದೊಳಗೆ ಅಂದಳು, ಯಾರಿಗೂ ಕೇಳಿಸಲಿಲ್ಲ. ಸ್ಪಂದನ ಕಾಗದದ ಮೇಲೆ ಏನೋ ಲೆಕ್ಕ ಮಾಡಿ, ಮೂಲೆಗಳಲ್ಲಿ ಕಬ್ಬಿಣದ ಕೊಕ್ಕೆ ಹಾಕೋಣ, ಸಾಕಾಗುತ್ತದೆ ಎಂದಳು. ನಾರಮ್ಮ ಎರಡು ಮೂಲೆಗೆ ಬಾರು ಕೊಯ್ದಳು. ಅವಳದೇ ಕೈ ಕೊಯ್ದಿತು.

ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ನೆಲ ನಡುಗಿತು. ಇದನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ. ಹನ್ನೊಂದು ಸೆಕೆಂಡು. ಬಾರು ಬಿಗಿದ ಮೂರು ಗೋಡೆ ನಿಂತವು. ಕೊಕ್ಕೆ ಕಿತ್ತು ಬಂದವು. ಮುಂದಿನ ಗೋಡೆ ಬೀದಿಗೆ ಮಲಗಿತು. ಅದರ ಕೆಳಗೆ, ಆಗ ಆ ಊರಿನಲ್ಲೇ ಇದ್ದ ಮಾರೆಕ್ಕ ಕೂಲಿಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಮನೆಯವರು ಐದು ಜನ ಒಳಗಿದ್ದರು, ಒಬ್ಬರಿಗೂ ಗೀರು ಬೀಳಲಿಲ್ಲ. ಮಾರೆಕ್ಕನ ಎಡಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಮೇಲಿನವರೆಗೂ ಕತ್ತರಿಸಿ ತೆಗೆದರು.

ಸಂಸ್ಥೆಯ ವರದಿಯಲ್ಲಿ ಬರೆದರು: ಬಾರು ಕಟ್ಟುವಲ್ಲಿ ಕೆಲಸಗಾರರ ಲೋಪ. ಕೆಳಗೆ ನಾರಮ್ಮನ ಹೆಬ್ಬೆಟ್ಟು. ಹಾಜರಿಗೆ ಎಂದು ಮೊದಲೇ ಒತ್ತಿಸಿಕೊಂಡಿದ್ದ ಖಾಲಿ ಹಾಳೆ ಅದು.

ನಾರಮ್ಮ ಅಕ್ಕನನ್ನು ಬಸ್ಸಿನಲ್ಲಿ ಹಿಂದೂಪುರಕ್ಕೆ ಕರೆತಂದಳು. ದಾರಿಯುದ್ದಕ್ಕೂ ಮಾರೆಕ್ಕ ಒಂದೇ ಮಾತು ಕೇಳಿದಳು.

"ಆ ಬಾರು ಕುಯ್ದೋರು ಯಾರಮ್ಮಿ?"

ನಾರಮ್ಮ ಕಿಟಕಿಯಿಂದ ಆಚೆ ನೋಡಿದಳು.

ಈ ವರ್ಷ ಕೆಲಸ ಹಿಂದೂಪುರಕ್ಕೇ ಬಂತು. ಸ್ಪಂದನಳೇ ಬಂದಳು, ತಲೆ ಎತ್ತದೆ ಕರೆದಳು. ಈ ಬಾರು ಕೊಯ್ಯುವವರು ಬೇರೆ ಯಾರೂ ಸಿಕ್ಕಿರಲಿಲ್ಲ. ಕರಾರು ಹೀಗಿತ್ತು: ಮೊದಲು ಅಂಗನವಾಡಿ ನಡೆಯುವ ಮನೆಗೆ ಬಾರು. ಅದನ್ನು ಅಧಿಕಾರಿಗಳು ಬಂದು ನೋಡಿ ಒಪ್ಪಿದರೆ ಕಾಲೋನಿಯ ಮೂವತ್ತೆರಡು ಮನೆಗೂ ಬಾರು. ನಾರಮ್ಮ ಒಪ್ಪಿದಳು. ಕಾಲೋನಿಯ ಮನೆಗಳು ಗಟ್ಟಿಯಾಗಿ ಕೆಮ್ಮಿದರೂ ಉದುರುವಂತಿದ್ದವು. ಹೋದ ವರ್ಷದ ನಡುಕ ಇಲ್ಲಿಗೂ ಮುಟ್ಟಿ, ಪೆದ್ದಪ್ಪನ ಗೋಡೆಯ ಬಿರುಕಿನಲ್ಲಿ ಅಳಿಲು ಸಂಸಾರ ಹೂಡಿತ್ತು.

ಅಂಗನವಾಡಿಯ ಮನೆ ಮಲ್ಲಿಕಾರ್ಜುನಪ್ಪನದು. ಹುಣಸೆಹಣ್ಣಿನ ಮಂಡಿಯವನು. ಹಿಂದೂಪುರದ ಹುಣಸೆಹಣ್ಣಿನಲ್ಲಿ ಅರ್ಧ ಹುಳಿ ಅವನ ನಾಲಿಗೆಯಿಂದಲೇ ಬಂದದ್ದು ಎಂದು ಜನ ಆಡಿಕೊಳ್ಳುವರು. ತಾನು ತಾರಸಿ ಮನೆಗೆ ಹೋಗಿ, ಮಣ್ಣಿನ ಹಳೆ ಮನೆಯನ್ನು ಅಂಗನವಾಡಿಗೆ ಬಾಡಿಗೆ ಕೊಟ್ಟಿದ್ದ. ಬಾರು ಕೆಲಸದ ಕಮಿಟಿಗೂ ಅವನೇ ಅಧ್ಯಕ್ಷ. ಅಂಗನವಾಡಿಯ ಟೀಚರು ಸ್ನೇಹಲತಾ ಊರಿನ ಆರು ಮಕ್ಕಳನ್ನು ಒಳಗಿನ ದೊಡ್ಡ ಅಂಕಣದಲ್ಲಿ ಕೂರಿಸುವಳು. ಕಾಲೋನಿಯ ಹನ್ನೊಂದು ಮಕ್ಕಳನ್ನು ಹೊಸ್ತಿಲೊಳಗೇ ಬಾಗಿಲ ಪಕ್ಕದಲ್ಲಿ, ಮುಂದಿನ ಗೋಡೆಗೆ ಒರಗಿಸಿ ಕೂರಿಸುವಳು. ಒಳಗೆ ಜಾಗ ಸಾಲದು ಎನ್ನುವಳು. ಒಳಗೆ ಲೇಪಾಕ್ಷಿಯ ಬಸವಣ್ಣ ಎದ್ದು ಬಂದು ಮಲಗಿದರೂ ಜಾಗ ಉಳಿಯುತ್ತಿತ್ತು.

ಆ ಹನ್ನೊಂದರಲ್ಲಿ ಶ್ರೀಲತಾ ಒಬ್ಬಳು.

ಎಂಟು ದಿನ ಕೆಲಸ. ಎರಡಡಿ ದಪ್ಪದ ಮಣ್ಣಿನ ಗೋಡೆಗೆ ಸಲಾಕೆಯಲ್ಲಿ ತೂತು ಹೊಡೆಯಬೇಕು. ಹೊರಗಿನಿಂದ ನಾರಮ್ಮ ಹೊಡೆಯುವಳು. ಒಳಗಿನ ಬಾರು ಬಿಗಿಯುವುದಕ್ಕೆ ಊರಿನ ಗಾರೆ ಕೆಲಸದವನು ಗಂಗರಾಜು. ನಾರಮ್ಮ ತಂತಿ ತೂರಿಸಿದರೆ ಒಳಗಿನ ಕೈ ಹಿಡಿದುಕೊಳ್ಳುವುದು, ಮತ್ತೊಂದು ತೂತಿನಿಂದ ತಿರುಗಿ ಕಳಿಸುವುದು. ಎಂಟು ದಿನ ಅವಳು ಆ ಮನೆಯ ಒಳಗನ್ನು ಕಂಡದ್ದು ತೂತುಗಳಿಂದಲೇ. ಭುಜದ ಮೇಲೆ ಬಾರು ಹೊತ್ತು ಏಣಿ ಹತ್ತಿ ಇಳಿದು ಅವಳ ಹೆಗಲ ಚರ್ಮ ಸುಲಿಯಿತು. ಬಾರು ಬಿಗಿಯುವಾಗ ಕಾಲೋನಿಯ ನಾಲ್ಕು ಹೆಂಗಸರು ತುದಿ ಹಿಡಿದು ಹಿಂದಕ್ಕೆ ಒರಗುವರು. ಆ ನಾಲ್ವರು ಎಳೆದರೆ ಪೆನುಕೊಂಡದ ಬೆಟ್ಟ ಒಂದು ಗೇಣು ಈಚೆಗೆ ಜರುಗುತ್ತಿತ್ತು.

ಈ ಸಲ ನಾರಮ್ಮ ಒಂದು ಕಿತಾಪತಿ ಮಾಡಿದಳು. ಹಿಂದಿನ ಗೋಡೆಯಿಂದ ಶುರು ಮಾಡಲಿಲ್ಲ. ಮೊದಲ ದಿನ, ಮಂಡಿಯಲ್ಲಿ ವ್ಯಾಪಾರ ಜೋರಿರುವ ಹೊತ್ತು ನೋಡಿ, ಮುಂದಿನ ಗೋಡೆಯ ಬಾಗಿಲ ಮೇಲೇ ಬಾರು ಮಲಗಿಸಿ ಮೊಳೆ ಹೊಡೆದಳು. ಅದರ ಮೇಲೆ ಮಣ್ಣು ಮೆತ್ತಿದಳು. ಅಲ್ಲಿಂದ ಹೊರಟು ನಾಲ್ಕೂ ಗೋಡೆ ಸುತ್ತಿ ಮತ್ತೆ ಬಾಗಿಲ ಮೇಲೆ ಬಂದು ತುದಿಗೆ ತುದಿ ಸೇರಿಸಿದಳು. ಎಂಟನೆಯ ದಿನ ಮಣ್ಣು ಒಣಗಿ ಬಿರಿದು ಬಾರು ಇಣುಕಿತು. ಅದೇ ದಿನ ಮಲ್ಲಿಕಾರ್ಜುನಪ್ಪ ಬಂದ. ಮಾರನೆಯ ದಿನ ಅಧಿಕಾರಿಗಳು ಬರುವವರಿದ್ದರು.

ಅವನು ಬಾಗಿಲ ಮುಂದೆ ನಿಂತು ಮೇಲೆ ನೋಡಿದ.  ಮಕ್ಕಳು ಗೋಡೆಗೆ ಒರಗಿ ಕೂತು ಮೊಟ್ಟೆ ತಿನ್ನುತ್ತಿದ್ದವು.

"ಏನಮ್ಮಿ ನಾರಿ, ನನ್ ಮನೆಗೆ ಮೆಟ್ಟಿನ ಹಾರ ಹಾಕ್ಬುಟ್ಟಿದ್ದೀಯ?"

ನಾರಮ್ಮ ಏಣಿಯ ಮೇಲಿಂದ ಇಳಿದಳು. ಮೆಟ್ಟಲ್ಲ, ಬಾರು ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಹಿರಿಯರು ಲಿಂಗಪೂಜೆ ಮಾಡಿದ ಮನೆ, ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಮನೆ ಮನೆಯಲ್ಲದೆ ಹೋಗುತ್ತದೆಯೇ, ನಾಳೆ ಈ ಬಾಗಿಲಲ್ಲಿ ತಾನು ತಲೆ ತಗ್ಗಿಸಿ ಹೋಗಬೇಕಾ ಎಂದ. ಎರಡು ಮೂಲೆಗೆ ಕೊಯ್ದು ತೆಗೆ ಎಂದ. ನಾಳೆಯ ತಯಾರಿಗೆಂದು ಬಂದಿದ್ದ ಸ್ಪಂದನಳ ಕಡೆ ತಿರುಗಿ, ಕೊಕ್ಕೆ ಹಾಕಿದರೆ ಆಗುತ್ತದಲ್ಲ ಮೇಡಂ ಎಂದ.

ಸ್ಪಂದನ ತನ್ನ ಫೋನು ನೋಡಿಕೊಂಡಳು. ನಾರಮ್ಮನ ಪಕ್ಕಕ್ಕೆ ಬಂದು ದನಿ ತಗ್ಗಿಸಿ, ಈಗ ಜಗಳ ಬೇಡ ಅಮ್ಮ, ನಾಳೆ ಒಪ್ಪಿಗೆ ಬಿದ್ದರೆ ನಿಮ್ಮ ಮೂವತ್ತೆರಡು ಮನೆಗೂ ಆಗುತ್ತದೆ, ಇದೊಂದು ಹೊಂದಿಕೊಳ್ಳಿ ಎಂದಳು. ಕೊಕ್ಕೆ ದಪ್ಪದ್ದು ತರಿಸುತ್ತೇನೆ ಎಂದಳು.

"ಕಲ್ಯಾಣದುರ್ಗದಾಗೂ ಕೊಕ್ಕೆ ಹಾಕ್ಸಿದ್ರಲ್ಲವ್ವ. ನಮ್ಮಕ್ಕನ ಕಾಲು ಎಲ್ಲೋಯ್ತು?"



ಆಗ ನಾರಮ್ಮ ಮಲ್ಲಿಕಾರ್ಜುನಪ್ಪನಿಗೆ ಎದುರಾಗಿ ನಿಂತಳು. ಅವಳ ಇಡೀ ಜೀವಮಾನದಲ್ಲಿ ಅಂಥವರ ಎದುರು ಅಷ್ಟು ನೆಟ್ಟಗೆ ನಿಂತದ್ದಿಲ್ಲ. ಬೆನ್ನು ನೋಯುತ್ತಿತ್ತು.

"ಎಲ್ಡು ಮಾತು ಸ್ವಾಮಿ. ಬಾರು ಬುಡಿ, ಇಲ್ಲ ನಮ್ ಮಕ್ಳನ್ನ ಒಳಿಕ್ಕೆ ಕೂರ್ಸಿ. ಯಾವ್ದಾದ್ರೂ ಒಂದು ಮಾಡಿ. ನೀವು ಬಾರು ಕುಯ್ಯಾಕೆ ಹೇಳ್ತಿರೋ ಗೋಡೆ ಕೆಳ್ಗೇನೇ ನಮ್ ಮಕ್ಳು ಕೂರಾದು."

ಮಲ್ಲಿಕಾರ್ಜುನಪ್ಪ ಟೀಚರನ್ನು ನೋಡಿದ. ಟೀಚರು ಒಳಗೆ ಜಾಗ ಸಾಲದು ಎಂದಳು.

"ಕೇಳಿಸ್ತೇನಮ್ಮಿ? ಜಾಗ ಇಲ್ವಂತೆ. ಕುಯ್ಯಿ."

"ಕುಯ್ಯಾಕಿಲ್ಲ."

"ಮೂವತ್ತೆರಡು ಮನೆ ಕಣಮ್ಮಿ. ನಿನ್ ಕೇರಿಯೋರು ನಿನ್ನ ಬುಡ್ತಾರಾ?"

"ಅವ್ರು ನನ್ನ ಏನಾದ್ರೂ ಮಾಡ್ಕಳ್ಲಿ. ಒಂದ್ಸಲ ಕುಯ್ದಿದ್ದೀನಿ. ಇನ್ನೊಂದ್ಸಲ ಈ ಕೈಲಿ ಕುಯ್ಯಾಕಿಲ್ಲ."

  ಮಲ್ಲಿಕಾರ್ಜುನಪ್ಪ ಗಂಗರಾಜುವಿಗೆ ಗರಗಸದ ಬ್ಲೇಡು ತರಲು ಹೇಳಿದ. ಗಂಗರಾಜು ಏಣಿ ಹತ್ತಿ ಉಜ್ಜತೊಡಗಿದ. ಲಾರಿ ಟೈರಿನೊಳಗಿನ ನೈಲಾನು ಎಳೆ ಗರಗಸಕ್ಕೆ ಬಗ್ಗುವುದಿಲ್ಲ. ಒಂದು ಬ್ಲೇಡು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದಕ್ಕೆ ಬಾರು ಪಟ್ಟೆಂದು ಹರಿದು, ನಾಲ್ವರು ಹೆಂಗಸರು ಎಳೆದಿಟ್ಟಿದ್ದ ಬಿಗಿಯನ್ನೆಲ್ಲ ಒಮ್ಮೆಗೇ ಬಿಟ್ಟು, ಚಾಟಿಯ ಹಾಗೆ ಬೀಸಿತು. ಕೆಳಗೆ ಮೇಲ್ವಿಚಾರಣೆಗೆ ನಿಂತಿದ್ದ ಮಲ್ಲಿಕಾರ್ಜುನಪ್ಪನ ಬಿಳಿ ಅಂಗಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಕಪ್ಪು ಗೀಟು ಎಳೆಯಿತು. ಆ ಗೀಟು ಹಿಂದೂಪುರದ ರೈಲ್ವೆ ಸ್ಟೇಷನ್ನಿನಿಂದಲೂ ಕಾಣುತ್ತಿತ್ತು ಎನ್ನುವರು. ನಗಬೇಕಾದ ಸಂಗತಿ. ಯಾರೂ ನಗಲಿಲ್ಲ. ಬಾರು ಬೀಸಿದ ಹೊಡೆತಕ್ಕೆ ಗೋಡೆಯ ಒಳಮೈಯಿಂದ ಒಂದು ಹೆಂಟೆ ಕಳಚಿ ಮಕ್ಕಳ ನಡುವೆ ಬಿದ್ದಿತ್ತು. ಶ್ರೀಲತಾಳ ತಟ್ಟೆ ಮಣ್ಣಾಗಿತ್ತು.

ನಾರಮ್ಮ ಹೋಗಿ ಅವಳನ್ನು ಎತ್ತಿಕೊಂಡಳು.  ಬಾರು ಎಳೆದಿದ್ದ ನಾಲ್ಕು ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಳು ತನ್ನ ಮಗುವನ್ನು ಎತ್ತಿಕೊಂಡಳು. ಆಮೇಲೆ ಉಳಿದವರು. ಹೆತ್ತವರು ಕೂಲಿಗೆ ಹೋಗಿದ್ದ ಮಕ್ಕಳನ್ನೂ ಕಂಕುಳಿಗೊಂದು ಕೈಗೊಂದು ಹಿಡಿದುಕೊಂಡರು. ಹನ್ನೊಂದು ಮಕ್ಕಳೂ ಕಾಲೋನಿಯ ದಾರಿ ಹಿಡಿದವು.

ಮಾರನೆಯ ದಿನ ಅಧಿಕಾರಿ ಬಂದ. ಪಿಲ್ಲಲು ಇಂತೇನಾ, ಮಕ್ಕಳು ಇಷ್ಟೇನಾ, ಎಂದು ತೆಲುಗಿನಲ್ಲಿ ಕೇಳಿದನಂತೆ. ಜಾತ್ರೆಗೆ ಹೋಗಿದ್ದಾರೆ ಸಾರ್ ಎಂದಳಂತೆ ಟೀಚರು. ಯಾವ ಜಾತ್ರೆ ಎಂದು ಅವನು ಕೇಳಲಿಲ್ಲ. ಮೂರು ಗೋಡೆಯ ಫೋಟೋ ತೆಗೆದುಕೊಂಡು, ಚೆನ್ನಾಗಿದೆ ಎಂದು ಹೋದ. ಮನೆ ಪಾಸಾಯಿತು. ಕಾಲೋನಿಯ ಮೂವತ್ತೆರಡು ಮನೆ ಮಾತ್ರ ಪಟ್ಟಿಯಿಂದ ಬಿಟ್ಟುಹೋದವು. ಕೆಲಸಗಾರರು ಸಹಕರಿಸುವುದಿಲ್ಲ ಎಂದು ಕಮಿಟಿ ಬರೆಯಿತು. ಮನೆಗೆ ಕೊಡುವುದಿಲ್ಲ, ಬಂದು ತಿಂದರೆ ಉಂಟು ಎಂದು ಮಕ್ಕಳ ಹಾಲು, ಮೊಟ್ಟೆಯೂ ನಿಂತವು.

ಕಾಲೋನಿಯಲ್ಲಿ ನಾರಮ್ಮನಿಗೆ ಹಾರ ತುರಾಯಿ ಹಾಕಿದರೆಂದು ಹೇಳಿದರೆ ಅದು ಶುದ್ಧ ಸುಳ್ಳು. ಬೈದರು. ಬೀದಿಯ ನಲ್ಲಿಯ ಹತ್ತಿರ ಬೈದರು, ಅವಳ ಮನೆಯ ಮುಂದೆ ನಿಂತು ಬೈದರು. ಒಂದು ತುಂಡು ಟೈರಿಗೆ ಮೂವತ್ತೆರಡು ಮನೆ ಹಾಳು ಮಾಡಿದಳು, ಹುಡುಗರ ಬಾಯಿಂದ ಮೊಟ್ಟೆ ಕಿತ್ತಳು ಎಂದರು. ನಾರಮ್ಮ ಎಲ್ಲರದ್ದೂ ಕೇಳಿಸಿಕೊಂಡಳು. ಪೆದ್ದಪ್ಪ ಮಾತ್ರ ಮೂಲೆಯಲ್ಲಿ ಕೂತು ರಂಪಿಗಳನ್ನು ಕಲ್ಲಿಗೆ ಉಜ್ಜುತ್ತಿದ್ದ.

ನಾಲ್ಕನೆಯ ದಿನ ಅವಳು ಪಂಚರ್ ಅಂಗಡಿಗಳನ್ನು ಸುತ್ತಿ ಟೈರು ಉರುಳಿಸಿಕೊಂಡು ಬಂದಳು. ಕೇರಿಯ ನಡುವಿನ ಪೆದ್ದಪ್ಪನ ಮನೆಯೇ ಮೊದಲು. ಮಕ್ಕಳನ್ನು ಅಲ್ಲಿ ಕೂರಿಸಬಹುದು ಎಂದಳು. ಕೆಲಸ ಶುರುವಾದ ಎರಡು ದಿನಕ್ಕೆ, ಬೈದವರಲ್ಲೇ ಮೂವರು ಬಂದು ಬಾರಿನ ತುದಿ ಹಿಡಿದರು. ಉಳಿದವರು ಬರಲಿಲ್ಲ.

ಮುಂದಿನ ಗೋಡೆಗೆ ಬಾರು ಬಿಗಿಯುವ ದಿನ ಸ್ಪಂದನ ಬಂದಳು. ಕೈಯಲ್ಲಿ ಕಾಗದ, ಶಾಯಿಯ ಡಬ್ಬಿ. ಕೆಲಸವನ್ನು ನಡುವೆ ಬಿಟ್ಟು ಹೋದವಳು ತಾನೇ ಎಂದು ನಾರಮ್ಮ ಒಪ್ಪಿಕೊಂಡರೆ ಕಡತ ಮುಗಿಯುತ್ತದೆ, ಮುಂದಿನ ವರ್ಷ ಕಾಲೋನಿಯ ಹೆಸರು ಮತ್ತೆ ಸೇರಿಸಲು ಪ್ರಯತ್ನಿಸುತ್ತೇನೆ ಎಂದಳು. ನಾರಮ್ಮ ಅದನ್ನು ಗಟ್ಟಿಯಾಗಿ ಓದಲು ಹೇಳಿದಳು. ಸ್ಪಂದನ ಓದಿದಳು. ಮಾರೆಕ್ಕ ನೀರಿನ ಚೊಂಬು ಹಿಡಿದು ಕೇಳುತ್ತಿದ್ದಳು.

"ಬಾಗ್ಲ ಮೇಲಿನ ಬಾರು ಕುಯ್ಸಿದ್ದು ಯಾರು ಅಂತ ಅದರಾಗೆ ಇಲ್ವಲ್ಲವ್ವ. ಬರಿ. ಒತ್ತೀನಿ," ಎಂದಳು ನಾರಮ್ಮ.

ಸ್ಪಂದನ ಪೆನ್ನು ತೆಗೆದಳು.  ಬರೆಯದೆ ಮತ್ತೆ ಮುಚ್ಚಳ ಹಾಕಿದಳು.

"ನನ್ ಕೈಲಿ ಆಗಲ್ಲ ಅಮ್ಮ."

"ನನ್ ಕೈಲೂ ಆಗಾಕಿಲ್ಲ. ಹೋಗ್ಬುಟ್ ಬಾ."

ನಾರಮ್ಮನ ಹೆಬ್ಬೆಟ್ಟು ಟೈರಿನ ಕಪ್ಪನ್ನು ಮೊದಲೇ ಬಳಿದುಕೊಂಡಿತ್ತು. ಶಾಯಿಯೇ ಬೇಕಿರಲಿಲ್ಲ. ಒತ್ತಲಿಲ್ಲ. ಕಾಗದ ಬಂದ ಹಾಗೆಯೇ ಹೋಯಿತು.

ಮಧ್ಯಾಹ್ನಕ್ಕೆ ಪೆದ್ದಪ್ಪನ ಬಾಗಿಲ ಮೇಲೆ ತುದಿಗೆ ತುದಿ ಸೇರಿತು. ನಾಲ್ಕೂ ಗೋಡೆಗೆ ಒಂದೇ ಬಾರು. ಒಳಗೆ ಸಗಣಿ ಸಾರಿಸಿ, ನಡುವೆ ಚಾಪೆ ಹಾಸಿದ್ದರು. ಯಾವ ಮನೆಯಲ್ಲೂ ಮೊಟ್ಟೆ ಇರಲಿಲ್ಲ. ಮಂಡಕ್ಕಿ ಇತ್ತು. ನಾರಮ್ಮ ಮಕ್ಕಳನ್ನು ಕೂಗಿದಳು.

ಮೊದಲು ಬಂದವಳು ಶ್ರೀಲತಾ. ಹೊಸ್ತಿಲು ದಾಟಿದಳು. ಖಾಲಿ ಮನೆಯನ್ನು ಒಮ್ಮೆ ನೋಡಿದಳು. ಬಾಗಿಲ ಪಕ್ಕಕ್ಕೆ ಸರಿದು, ಮುಂದಿನ ಗೋಡೆಗೆ ಒರಗಿ ಕೂತಳು. ಹಿಂದೆ ಬಂದ ಮಕ್ಕಳು ಒಂದೊಂದಾಗಿ ಅವಳ ಪಕ್ಕದಲ್ಲಿ ಸಾಲಾಗಿ ಕೂತವು. ಚಾಪೆ ನಡುವೆ ಹಾಗೇ ಬಿದ್ದಿತ್ತು.

"ಒಳಿಕ್ಕೆ ಬಾ ಕಣವ್ವ. ಚಾಪೆ ಮ್ಯಾಲೆ ಕೂತ್ಕ. ಇದು ನಮ್ ತಾತನ ಮನೆ."

"ಬ್ಯಾಡ. ಟೀಚರು ಬೈತಾರೆ."

ನಾರಮ್ಮ ಕಪ್ಪು ಕೈಯಲ್ಲೇ ಅವಳನ್ನು ಎತ್ತಿ ತಂದು ಚಾಪೆಯ ನಡುವೆ ಕೂರಿಸಿದಳು. ಮಗು ಸ್ವಲ್ಪ ಹೊತ್ತು ಕೂತಿತು. ಸುತ್ತ ನೋಡಿತು. ಎದ್ದು ಮತ್ತೆ ಬಾಗಿಲ ಹತ್ತಿರ ಹೋಗಿ ಗೋಡೆಗೆ ಒರಗಿತು.

 ನಾರಮ್ಮ ಹೊರಗೆ ಬಂದು ಇನ್ನೊಂದು ಟೈರು ಎಳೆದುಕೊಂಡಳು. ಎರಡೂ ಪಕ್ಕೆ ಕೊಯ್ದು ಬಿಸಾಡಿ, ಉಳಿದ ಬಳೆಯ ಅಂಚಿಗೆ ರಂಪಿ ಇಳಿಸಿದಳು.

"ನೀರು ಬುಡಕ್ಕಾ," ಎಂದಳು. "ಆ ಗೋಡೆಗೆ ಇನ್ನೊಂದು ಸುತ್ತು ಹಾಕ್ತೀನಿ."